ಬಾಡಿಗೆ ಕರಾರಿನ ಮುದ್ದತ್ತು ಮುಗಿದ ಮೇಲೆ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಬಾಡಿಗೆದಾರರಿಗೆ ಮಾರ್ಗದರ್ಶಿ

"ಮುದ್ದತ್ತು ಮುಗದೈತ್ರಿ, ಈ ತಿಂಗಳ ಕೊನೀಗೆ ಮನಿ ಖಾಲಿ ಮಾಡ್ರಿ." ಮಾಲಕರ ಬಾಯಿಂದ ಈ ಮಾತು ಬಂದ ಕೂಡಲೇ ಬಾಡಿಗೆದಾರರು ಎರಡು ಬಗೆಯಾಗಿ ಎಡವುತ್ತಾರೆ. ಕೆಲವರು ಗಾಬರಿಬಿದ್ದು, ಡಿಪಾಜಿಟ್ ಮಾತನ್ನೂ ಎತ್ತದೆ, ಸಿಕ್ಕ ಟೆಂಪೋಕ್ಕೆ ಸಾಮಾನು ಹೇರಿಕೊಂಡು ಹೊರಟುಬಿಡುತ್ತಾರೆ. ಇನ್ನು ಕೆಲವರು "ಹನ್ನೆರಡು ವರ್ಷ ಆತು, ಇನ್ನ ನಮ್ಮನ್ನ ಯಾರೂ ಎಬ್ಬಸಂಗಿಲ್ಲ" ಎಂದು ಬಾಡಿಗೆಯನ್ನೂ ನಿಲ್ಲಿಸಿ ಕೂತುಬಿಡುತ್ತಾರೆ. ಎರಡೂ ದುಬಾರಿ ಬೀಳುತ್ತವೆ.

ಅವಧಿ ಮುಗಿದ ಮೇಲೆ ಮನೆಯಲ್ಲಿ ಮುಂದುವರಿಯುವುದು ಬಹುಪಾಲು ಮಾಲಕರ ಒಪ್ಪಿಗೆಯ ಮೇಲೆ ನಿಂತಿದೆ. ಆದರೆ ಕೋರ್ಟಿನ ಆದೇಶ ಇಲ್ಲದೆ ನಿಮ್ಮ ಸಾಮಾನು ಹೊರಗಿಡುವ, ಕೀಲಿ ಬದಲಿಸುವ, ಕರೆಂಟು ಕೀಳಿಸುವ ಅಧಿಕಾರ ಮಾಲಕರಿಗೆ ಅವಧಿ ಮುಗಿದರೂ ಬರುವುದಿಲ್ಲ. ಈ ಎರಡು ಮಾತುಗಳ ನಡುವೆ ನೀವು ಎಲ್ಲಿ ನಿಂತಿದ್ದೀರಿ ಎಂಬುದನ್ನು ನಿಮ್ಮ ಕೈಯಲ್ಲಿರುವ ಕಾಗದ, ಬಾಡಿಗೆ ಪಾವತಿ, ಮೊಬೈಲಿನ ಸಂದೇಶಗಳೇ ತೀರ್ಮಾನಿಸುತ್ತವೆ.

ಮೊದಲು ಕರಾರು ಪತ್ರ ತೆಗೆದು ಓದಿ

ನೋಡಬೇಕಾದ್ದು ನಾಲ್ಕು: ಶುರುವಾದ ದಿನ, ಮುಗಿಯುವ ದಿನ, ನವೀಕರಣದ ಷರತ್ತು, ಡಿಪಾಜಿಟ್ ಮರಳಿಸುವ ಷರತ್ತು. ನಮ್ಮ ಕಡೆ ಹೆಚ್ಚಿನವು ಹನ್ನೊಂದು ತಿಂಗಳ ಕರಾರುಗಳು. ಕಾರಣ ಸರಳ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆಯ 17ನೇ ಕಲಂ ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಂ ಹೇಳುತ್ತವೆ. ಆ ಖರ್ಚು ತಪ್ಪಿಸಲು ಹನ್ನೊಂದು ತಿಂಗಳು.

ಅಂಗಡಿ ಹಿಡಿದವರು ಎಡವುವುದು ಇಲ್ಲೇ. ಬಾಂಡ್ ಪೇಪರಿನ ಮೇಲೆ ಮೂರು ವರ್ಷದ ಕರಾರು ಬರೆಸಿ, ನೋಟರಿ ಸಿಕ್ಕಾ ಹಾಕಿಸಿ, ಮೂರು ವರ್ಷ ನಿಶ್ಚಿಂತೆ ಎಂದುಕೊಂಡಿರುತ್ತಾರೆ. ನೋಟರಿ ಸಿಕ್ಕಾ ನೋಂದಣಿಯಲ್ಲ. ನೋಂದಣಿಯಾಗದ ಮೂರು ವರ್ಷದ ಕರಾರನ್ನು ಕೋರ್ಟು ಸಾಮಾನ್ಯವಾಗಿ ತಿಂಗಳ ಬಾಡಿಗೆ ಎಂದೇ ಪರಿಗಣಿಸುತ್ತದೆ. ಅಂದರೆ ಮೂರು ವರ್ಷ ತುಂಬುವ ಮುಂಚೆಯೇ ಹದಿನೈದು ದಿನದ ನೋಟಿಸು ಬರಬಹುದು. ಇದರ ಮೇಲೆ ಛಾಪಾ ಶುಲ್ಕ ಕಡಿಮೆ ಇದ್ದರೆ, ಆ ಕಾಗದವನ್ನು ಕೋರ್ಟಿನಲ್ಲಿ ಹಾಜರುಪಡಿಸಿದ ದಿನ ಕೊರತೆ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತದೆ.

ನವೀಕರಣದ ಷರತ್ತು ಇದ್ದರೆ ಅದರ ಗಡುವು ನೋಡಿ. "ಅವಧಿ ಮುಗಿಯುವ ಒಂದು ತಿಂಗಳ ಮೊದಲು ಲಿಖಿತವಾಗಿ ಕೇಳಿದರೆ ನವೀಕರಿಸಲಾಗುವುದು" ಎಂದಿದ್ದರೆ ಆ ಒಂದು ತಿಂಗಳ ಮೊದಲೇ, ಲಿಖಿತವಾಗಿಯೇ ಕೇಳಬೇಕು. ಜಾತ್ರೆಯಲ್ಲಿ ಸಿಕ್ಕಾಗ ಬಾಯಿಮಾತಿನಲ್ಲಿ ಕೇಳಿದ್ದೆ ಎಂದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಬೆಳಗಾವಿಯವರಿಗೆ ಇಲ್ಲೊಂದು ಬೇರೆ ಮಾತು. ಶಹಾಪುರ, ಟಿಳಕವಾಡಿ, ಅನಗೋಳದ ಕಡೆ ಪಕ್ಕದ ರಾಜ್ಯದ ನಮೂನೆ ನೋಡಿಕೊಂಡು "ಲೀವ್ ಅಂಡ್ ಲೈಸೆನ್ಸ್" (ಬಾಡಿಗೆಯಲ್ಲ, ಇರಲು ಪರವಾನಗಿ ಮಾತ್ರ) ಎಂದು ಬರೆಸುವವರಿದ್ದಾರೆ. ಮಹಾರಾಷ್ಟ್ರದಲ್ಲಿ ಅಂಥ ಕರಾರಿನ ಅವಧಿ ಮುಗಿದರೆ ಬೇಗ ತೆರವು ಮಾಡಿಸಲು ಅಲ್ಲಿನ ಬಾಡಿಗೆ ಕಾಯ್ದೆಯಲ್ಲೇ ಪ್ರತ್ಯೇಕ ದಾರಿಯಿದೆ. ಆ ಕಾಯ್ದೆ ಗಡಿ ದಾಟಿ ಬರುವುದಿಲ್ಲ. ಇಲ್ಲಿ ಕೋರ್ಟು ತಲೆಬರಹ ನೋಡುವುದಿಲ್ಲ, ತಿರುಳು ನೋಡುತ್ತದೆ: ಮನೆಯ ಪೂರ್ತಿ ಸ್ವಾಧೀನ ನಿಮ್ಮದಾಗಿದ್ದು, ಕೀಲಿ ನಿಮ್ಮ ಬಳಿಯಿದ್ದು, ತಿಂಗಳಿಗೆ ಇಷ್ಟು ಎಂದು ಕೊಡುತ್ತಿದ್ದರೆ ಅದನ್ನು ಬಾಡಿಗೆ ಎಂದು ವಾದಿಸಲು ಗಟ್ಟಿ ಆಧಾರವಿದೆ. ನಿಜಕ್ಕೂ ಬರೀ ಪರವಾನಗಿಯಾಗಿದ್ದರೂ, ಅದು ರದ್ದಾದ ಮೇಲೆ ಸಾಮಾನು ತೆಗೆದು ಹೊರಡಲು ನ್ಯಾಯವಾದ ಕಾಲಾವಕಾಶ ಕೊಡಬೇಕೆಂದು 1882ರ ಈಸ್‌ಮೆಂಟ್ ಕಾಯ್ದೆ ಹೇಳುತ್ತದೆ. ಕರಾರು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದು ನಿಮಗೆ ಓದಲು ಬಾರದಿದ್ದರೆ ಸಹಿಗೆ ಮುಂಚೆಯೇ ಓದಿಸಿಕೊಳ್ಳಿ. ಸಹಿಯಾದ ಮೇಲೆ ಭಾಷೆಯ ನೆಪ ನಿಲ್ಲುವುದು ಕಷ್ಟ.

ನಿಮಗೆ ಯಾವ ಕಾಯ್ದೆ?

ಎರಡರಲ್ಲಿ ಒಂದು. ಕರ್ನಾಟಕ ಬಾಡಿಗೆ ಕಾಯ್ದೆ, 1999, ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಇದು ಕಡಿಮೆ ಬಾಡಿಗೆಯ ಮನೆಗಳಿಗಷ್ಟೇ ರಕ್ಷಣೆ ಕೊಡುತ್ತದೆ: ಕಾಯ್ದೆಯ ಮೊದಲ ಅನುಸೂಚಿಯ 'ಎ' ಭಾಗದ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆ ಇದರ ಹೊರಗೆ. ಅಂಗಡಿಗಳ ಪೈಕಿ ತಳಪಾಯದ ವಿಸ್ತೀರ್ಣ 14 ಚದರ ಮೀಟರ್ ಮೀರದವು ಮಾತ್ರ ಒಳಗೆ, ಅವಕ್ಕೂ ಬಾಡಿಗೆಯ ಮಿತಿ ಇದೆ. 14 ಚದರ ಮೀಟರ್ ಅಂದರೆ ಹೆಚ್ಚುಕಡಿಮೆ 150 ಚದರ ಅಡಿ. ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಅಂಗಡಿ 13.94 ಚದರ ಮೀಟರ್ ಆಗುತ್ತದೆ, ಕೂದಲೆಳೆಯ ಅಂತರದಲ್ಲಿ ಒಳಗೆ. ಆದರೆ ತಳಪಾಯದ ಅಳತೆ ಎಂದರೆ ಗೋಡೆಯ ದಪ್ಪವೂ ಸೇರುತ್ತದೆ. ಒಳಗೋಡೆಯಿಂದ ಒಳಗೋಡೆಗೆ ಟೇಪು ಹಿಡಿದು ಗೆದ್ದೆವು ಎಂದುಕೊಳ್ಳಬೇಡಿ.

ಖಡೇಬಜಾರಿನ ಹಳೇ ವಾಡೆಯಲ್ಲೋ ವಿಜಯಪುರದ ಕೋಟೆಯೊಳಗಿನ ಓಣಿಯಲ್ಲೋ ದಶಕಗಳಿಂದ ಕೆಲವು ನೂರು ರೂಪಾಯಿಗೆ ಇರುವವರಿಗೆ ಈ ಕಾಯ್ದೆ ದೊಡ್ಡ ಆಸರೆ. ಇದರ ಕೆಳಗೆ ಅವಧಿ ಮುಗಿಯಿತು ಎಂಬುದೊಂದೇ ತೆರವಿಗೆ ಕಾರಣವಾಗುವುದಿಲ್ಲ. 27ನೇ ಕಲಮಿನಲ್ಲಿ ಪಟ್ಟಿ ಮಾಡಿದ ಕಾರಣಗಳಲ್ಲಿ ಒಂದನ್ನು ಮಾಲಕರು ರುಜುವಾತು ಮಾಡಬೇಕು: ಬಾಡಿಗೆ ಬಾಕಿ, ಒಪ್ಪಿಗೆಯಿಲ್ಲದೆ ಒಳಬಾಡಿಗೆ, ಬೇರೆ ಉದ್ದೇಶಕ್ಕೆ ಬಳಕೆ, ಮಾಲಕರಿಗೇ ನಿಜವಾಗಿ ಬೇಕಾಗಿರುವುದು, ಇತ್ಯಾದಿ. ಬಾಕಿಯ ಬೇಡಿಕೆ ನೋಟಿಸು ಬಂದರೆ ಎರಡು ತಿಂಗಳೊಳಗೆ ಪೂರ್ತಿ ಬಾಕಿ ಕಟ್ಟಿಬಿಡಿ. ಆ ಗಡುವು ದಾಟಿದರೆ ಕಾಯ್ದೆಯ ಆಸರೆ ಕೈಯಾರೆ ಕಳೆದುಕೊಂಡಂತೆ.

ಇಂದಿನ ಬಾಡಿಗೆಯಲ್ಲಿ ಹೆಚ್ಚಿನವರು ಈ ಮಿತಿಯ ಹೊರಗಿದ್ದಾರೆ. ಟಿಳಕವಾಡಿಯ ಎರಡು ಕೋಣೆಯ ಮನೆಯಾಗಲಿ, ಬಾಗಲಕೋಟೆ ನವನಗರದ ಸೆಕ್ಟರಿನ ಮಹಡಿ ಮನೆಯಾಗಲಿ, ಇವರಿಗೆಲ್ಲ ಅನ್ವಯಿಸುವುದು ಸ್ವತ್ತು ವರ್ಗಾವಣೆ ಕಾಯ್ದೆ. ಮುಂದಿನದೆಲ್ಲ ಮುಖ್ಯವಾಗಿ ಇವರಿಗಾಗಿ.

ವಾಟ್ಸಾಪಿನಲ್ಲಿ ಸುತ್ತುವ "ದೇಶಾದ್ಯಂತ ಹೊಸ ಬಾಡಿಗೆ ನಿಯಮ, ಡಿಪಾಜಿಟ್ ಎರಡೇ ತಿಂಗಳು" ಎಂಬ ಸಂದೇಶವನ್ನು ಮಾಲಕರ ಮುಂದೆ ಹಿಡಿಯಬೇಡಿ. ಅದು ಕೇಂದ್ರ 2021ರಲ್ಲಿ ಹೊರಡಿಸಿದ ಮಾದರಿ ಕಾಯ್ದೆಯ ಮಾತು. ರಾಜ್ಯವೊಂದು ಅದನ್ನು ತನ್ನ ಕಾನೂನಾಗಿ ಮಾಡಿಕೊಂಡರಷ್ಟೇ ಅದಕ್ಕೆ ಜೀವ.

ಅವಧಿ ಮುಗಿದ ಮರುದಿನ ನೀವು ಯಾರು?

ಇದೇ ಇಡೀ ವಿಷಯದ ಗಂಟು. ಒಂದು ಉದಾಹರಣೆ ಹಿಡಿಯೋಣ. ಕರಾರು 1.6.2024ರಿಂದ 30.4.2025ರ ತನಕ. ಬಾಡಿಗೆ 9,000, ಡಿಪಾಜಿಟ್ 50,000. ಮೇ 1ರಂದೂ ನೀವು ಅದೇ ಮನೆಯಲ್ಲಿದ್ದೀರಿ.

ಮೇ ತಿಂಗಳ ಬಾಡಿಗೆಯನ್ನು ಮಾಲಕರು ಬಾಡಿಗೆಯೆಂದೇ ತೆಗೆದುಕೊಂಡು ಸುಮ್ಮನಿದ್ದರೆ, ಅಥವಾ ಬೇರೆ ರೀತಿಯಲ್ಲಿ ಒಪ್ಪಿಗೆ ತೋರಿಸಿದರೆ, ಸ್ವತ್ತು ವರ್ಗಾವಣೆ ಕಾಯ್ದೆಯ 116ನೇ ಕಲಮಿನ ಪ್ರಕಾರ ಕರಾರು ತಿಂಗಳ ಬಾಡಿಗೆಯಾಗಿ ಮುಂದುವರಿಯುತ್ತದೆ. ಆಗ ನಿಮ್ಮನ್ನು ತೆರವು ಮಾಡಿಸಲು ಮಾಲಕರು 106ನೇ ಕಲಮಿನ ಹದಿನೈದು ದಿನದ ನೋಟಿಸು ಕೊಡಲೇಬೇಕು.

ಮಾಲಕರು ಏಪ್ರಿಲ್‌ನಲ್ಲೇ "ಮುಂದುವರಿಸುವುದಿಲ್ಲ" ಎಂದು ಬರೆದು, ಮೇ ಬಾಡಿಗೆ ಮುಟ್ಟದೆ ಇದ್ದರೆ ಸ್ಥಿತಿ ಬೇರೆ. ಅವಧಿ ತಾನಾಗಿ ಮುಗಿದ ಕರಾರಿಗೆ ಮತ್ತೆ ನೋಟಿಸು ಬೇಕಿಲ್ಲ, ಮಾಲಕರು ನೇರವಾಗಿ ದಾವೆ ಹೂಡಬಹುದು. ನಿಮ್ಮ ಇರುವಿಕೆಗೆ ಆಗ ಒಪ್ಪಿಗೆಯ ಬಲವಿಲ್ಲ. ಆದರೂ, ಮತ್ತೆ ಹೇಳುತ್ತೇವೆ, ದಾವೆಯೇ ದಾರಿ, ಗೂಂಡಾಗಿರಿಯಲ್ಲ.

ಆದ್ದರಿಂದ ಒಪ್ಪಿಗೆಗೆ ಸಾಕ್ಷಿ ಕೂಡಿಡಿ. ಮಾತಿನಲ್ಲಿ ಒಪ್ಪಿದ್ದರೆ ಅದೇ ದಿನ ಹೀಗೊಂದು ಸಂದೇಶ ಕಳಿಸಿ:

"ನಮಸ್ಕಾರ ರೀ. ಕರಾರಿನ ಮುದ್ದತ್ತು 30.4.2025ಕ್ಕೆ ಮುಗಿದೈತಿ. ನೀವು ಹೇಳಿದಂಗ ಅದೇ ಷರತ್ತಿನ ಮ್ಯಾಲೆ ತಿಂಗಳ ಬಾಡಿಗಿಯಂತೆ ಮುಂದುವರದೇವಿ. ಮೇ ತಿಂಗಳ ಬಾಡಿಗಿ ರೂ. 9,000 ಈಗ ಹಾಕೀನಿ. ಮುಟ್ಟಿದ್ದಕ್ಕ ತಿಳಸ್ರಿ."

ಅತ್ತ ಕಡೆಯಿಂದ "ಬಂತ್ರಿ" ಎಂದು ಬಂದರೆ ಆ ಎರಡಕ್ಷರ ಮುಂದೆ ವಕೀಲರ ಎರಡು ಪುಟದ ವಾದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಒಪ್ಪದಿದ್ದನ್ನು ಒಪ್ಪಿದ್ದಾರೆ ಎಂದು ಮಾತ್ರ ಬರೆಯಬೇಡಿ, ಅದು ನಿಮಗೇ ತಿರುಗುತ್ತದೆ. ಸಂದೇಶದ ಫೋಟೋ ಹೊಡೆದಿಟ್ಟುಕೊಂಡರಷ್ಟೇ ಸಾಲದು. ಫೋನಿನಲ್ಲಿ ಮೂಲ ಸಂದೇಶ ಅಳಿಸದೆ ಉಳಿಸಿಕೊಳ್ಳಿ. ಅದನ್ನು ಕೋರ್ಟಿಗೆ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಲಗತ್ತಿಸಬೇಕಾಗುತ್ತದೆ. ಫೋನು ಬದಲಿಸುವಾಗ ಮೂಲ ಸಂದೇಶ ಉಳಿಸುವುದನ್ನು ಮರೆತು ಕೈ ಖಾಲಿ ಮಾಡಿಕೊಳ್ಳುವವರೇ ಹೆಚ್ಚು.

ಬಾಡಿಗೆ ನಿಲ್ಲಿಸಬೇಡಿ, ಯಾವ ಕಾರಣಕ್ಕೂ

ಜಗಳ ಶುರುವಾದ ಮೇಲಂತೂ ಬೇಡವೇ ಬೇಡ. ಬಾಕಿ ಉಳಿಸಿಕೊಂಡ ಬಾಡಿಗೆದಾರನ ಬಾಯಲ್ಲಿ ಬೇರೆಲ್ಲ ಹಕ್ಕಿನ ಮಾತೂ ಸಪ್ಪೆಯಾಗಿ ಕೇಳುತ್ತದೆ.

ಬ್ಯಾಂಕು ಅಥವಾ ಯುಪಿಐ ಮೂಲಕ ಹಾಕಿ, ಟಿಪ್ಪಣಿಯಲ್ಲಿ "ಮೇ 2025 ಮನೆ ಬಾಡಿಗೆ" ಎಂದು ಬರೆಯಿರಿ. ಬರೀ ಮೊತ್ತ ಹೋದರೆ ಮುಂದೆ "ಅದು ಕೈಗಡ ತೀರಿಸಿದ್ದು" ಎನ್ನುವವರಿದ್ದಾರೆ. ನಗದು ಕೊಟ್ಟರೆ ತಿಂಗಳು, ಮೊತ್ತ, ಸಹಿ ಇರುವ ಪಾವತಿ (ರಸೀತಿ) ಪಡೆಯಿರಿ. 5,000 ರೂಪಾಯಿ ಮೀರಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ.

ಮಾಲಕರು ಬೇಕೆಂದೇ ಬಾಡಿಗೆ ತೆಗೆದುಕೊಳ್ಳದಿದ್ದರೆ? ಆರು ತಿಂಗಳು ನಿರಾಕರಿಸಿ, ಆಮೇಲೆ "ಆರು ತಿಂಗಳ ಬಾಕಿ" ಎಂದು ನೋಟಿಸು ಕೊಡುವುದು ಹಳೆಯ ಪಟ್ಟು. ಮೊದಲು ಖಾತೆಗೆ ಹಾಕಿ ನೋಡಿ. ಹಿಂದಿರುಗಿಸಿದರೆ ಆ ದಾಖಲೆ ಇಡಿ. ಖಾತೆ ಗೊತ್ತಿಲ್ಲದಿದ್ದರೆ ಅಂಚೆಯ ಮನಿ ಆರ್ಡರ್ ಮಾಡಿ. ಅದು ತಿರಸ್ಕೃತವಾಗಿ ಮರಳಿ ಬಂದರೆ, ಅಂಚೆಯವರು ಬರೆದ ಷರಾ ನೀವು ಕೊಡಲು ಸಿದ್ಧರಿದ್ದಿರಿ ಎಂಬುದಕ್ಕೆ ಒಳ್ಳೆಯ ಪುರಾವೆ. ಮರಳಿ ಬಂದ ಹಣವನ್ನು ಖರ್ಚು ಮಾಡದೆ ಬೇರೆ ಇಡಿ. ಕೋರ್ಟು ಕೇಳಿದ ದಿನ ಒಟ್ಟಿಗೆ ಕಟ್ಟಬೇಕಾಗುತ್ತದೆ.

ಬಾಡಿಗೆ ಏರಿಸುವ ಬಗ್ಗೆ: ಕರಾರಿನಲ್ಲಿ ಇಲ್ಲದ ಏರಿಕೆಯನ್ನು ಮಾಲಕರು ಒಬ್ಬರೇ ಹೇರಲಾರರು. ಆದರೆ ಏರಿಕೆ ಒಪ್ಪದಿದ್ದರೆ ಹದಿನೈದು ದಿನದ ನೋಟಿಸು ಕೊಡಬಲ್ಲರು. ಹಾಗಾಗಿ ಇದು ಹಕ್ಕಿನ ಲೆಕ್ಕಕ್ಕಿಂತ ಚೌಕಾಸಿಯ ಲೆಕ್ಕ. ಸುತ್ತಲಿನ ಮೂರ್ನಾಲ್ಕು ಮನೆಗಳ ಬಾಡಿಗೆ ವಿಚಾರಿಸಿಕೊಂಡು ಮಾತಿಗೆ ಕೂಡಿ.

"ಅವಧಿ ಮೀರಿದರೆ ದುಪ್ಪಟ್ಟು ಬಾಡಿಗೆ" ಎಂಬ ಷರತ್ತು ಕರಾರಿನಲ್ಲಿದ್ದರೆ ಅದು ಕಣ್ಣುಮುಚ್ಚಿ ಜಾರಿಯಾಗುವುದಿಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಂ ನ್ಯಾಯಯುತ ಪರಿಹಾರವನ್ನಷ್ಟೇ ಕೊಡಿಸುತ್ತದೆ.

ನೋಟಿಸು ಬಂತು

ಲಕೋಟೆಯನ್ನು ತಿರಸ್ಕರಿಸಬೇಡಿ. ಸರಿಯಾದ ವಿಳಾಸಕ್ಕೆ ಹೋದ ಅಂಚೆಯನ್ನು ನಿರಾಕರಿಸಿದರೆ ತಲುಪಿದೆ ಎಂದೇ ಕೋರ್ಟು ಹಿಡಿಯುತ್ತದೆ. ತೆಗೆದುಕೊಂಡು ಲಕೋಟೆಯ ಮೇಲೇ ಬಂದ ದಿನಾಂಕ ಬರೆದಿಡಿ. ಹದಿನೈದು ದಿನ ಎಣಿಸುವುದು ನೋಟಿಸು ಕೈಸೇರಿದ ದಿನದಿಂದ, ಬರೆದ ದಿನದಿಂದಲ್ಲ. ಆಗಸ್ಟ್ 12ರಂದು ಮುಟ್ಟಿದರೆ ಗಡುವು ಆಗಸ್ಟ್ 27. ಬಾಡಿಗೆ ತಿಂಗಳ ಕೊನೆಗೇ ಗಡುವು ಬೀಳಬೇಕು ಎಂಬ ಹಳೆಯ ನಿಯಮ 2002ರ ಡಿಸೆಂಬರ್ 31ರಿಂದ ಇಲ್ಲ. ನೋಟಿಸಿನಲ್ಲಿ ಹತ್ತೇ ದಿನ ಬರೆದಿದ್ದರೂ, ಹದಿನೈದು ದಿನ ಕಳೆದ ಮೇಲೆ ದಾವೆ ಹಾಕಿದ್ದರೆ ಅದು ನಿಲ್ಲುತ್ತದೆ. ನೋಟಿಸಿನ ಸಣ್ಣ ತಪ್ಪು ಹಿಡಿದು ಗೆಲ್ಲುವ ಕಾಲ ಹೋಯಿತು.

ಇನ್ನೊಂದು ಭ್ರಮೆ: "ನೋಟಿಸು ಕೊಟ್ಟ ಮ್ಯಾಲೂ ಬಾಡಿಗಿ ತಗೊಂಡಾರ, ನೋಟಿಸು ಬಿದ್ದುಹೋತು." ಹಾಗಾಗುವುದಿಲ್ಲ. ನೋಟಿಸು ಬಿಟ್ಟುಕೊಡುವ ಉದ್ದೇಶ ಮಾಲಕರಿಗಿತ್ತು ಎಂದು ತೋರಿಸಬೇಕು. ಬರೀ ಬಾಡಿಗೆ ಪಡೆದದ್ದು ಸಾಲದು ಎಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿದೆ.

ರಬಕವಿ-ಬನಹಟ್ಟಿ, ಇಳಕಲ್, ಗುಳೇದಗುಡ್ಡದ ಕಡೆ ಮಗ್ಗದ ಶೆಡ್ ಬಾಡಿಗೆಗೆ ಹಿಡಿದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಉತ್ಪಾದನೆಗೆ ಕೊಟ್ಟ ಜಾಗಕ್ಕೆ 106ನೇ ಕಲಂ ಆರು ತಿಂಗಳ ನೋಟಿಸು ಹೇಳುತ್ತದೆ. ಮಗ್ಗ ಬಿಚ್ಚಿ ಇನ್ನೊಂದೆಡೆ ಕೂಡಿಸಿ, ಕರೆಂಟು ಎಳೆಸಿಕೊಳ್ಳಲು ಹದಿನೈದು ದಿನ ಎಲ್ಲಿ ಸಾಕು? ಆದರೆ ಆ ಆರು ತಿಂಗಳು ಸಿಗಬೇಕಾದರೆ ವರ್ಷದ ಗುತ್ತಿಗೆಯಾಗಿರಬೇಕು, ವರ್ಷದ ಗುತ್ತಿಗೆ ನೋಂದಣಿಯಾಗಿರಬೇಕು. ನೋಂದಣಿಯಿಲ್ಲದಿದ್ದರೆ ಹದಿನೈದು ದಿನವೇ ಸಾಕೆಂದು 2016ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಎಂಟು ಮಗ್ಗ ಹೂಡುವಷ್ಟು ದುಡ್ಡು ಹಾಕುವವರು ನೋಂದಣಿಯ ಖರ್ಚು ಉಳಿಸುವುದರಲ್ಲಿ ಅರ್ಥವಿಲ್ಲ.

ಹದಿನೈದು ದಿನದೊಳಗೆ ಉತ್ತರ ಕೊಡಿ, ಸಾಧ್ಯವಾದರೆ ವಕೀಲರ ಮೂಲಕ. ಉತ್ತರದಲ್ಲಿ ಇರಬೇಕಾದ್ದು: ಯಾವ ದಿನದಿಂದ ಇದ್ದೀರಿ, ಎಲ್ಲಿಯ ತನಕ ಬಾಡಿಗೆ ಕೊಟ್ಟಿದ್ದೀರಿ, ಡಿಪಾಜಿಟ್ ಎಷ್ಟು, ನೋಟಿಸಿನ ಯಾವ ಮಾತು ಸುಳ್ಳು, ಎಷ್ಟು ಸಮಯ ಬೇಕು. ಕೋಪದ ಭರದಲ್ಲಿ "ನೀವು ಮಾಲಕರೇ ಅಲ್ಲ" ಎಂದು ಬರೆಯಬೇಡಿ. ಯಾರಿಂದ ಮನೆ ಹಿಡಿದಿರೋ ಅವರ ಒಡೆತನವನ್ನು ಬಾಡಿಗೆದಾರ ಅಲ್ಲಗಳೆಯುವಂತಿಲ್ಲ. ಅಲ್ಲಗಳೆದರೆ ಅದೇ ಹೊಸ ತೊಡಕಾಗುತ್ತದೆ. ಮನೆ ಬೇರೆಯವರಿಗೆ ಮಾರಾಟವಾಗಿದ್ದರೆ ಹೊಸಬರಿಂದ ಲಿಖಿತ ತಿಳಿವಳಿಕೆ ಮತ್ತು ಡಿಪಾಜಿಟ್ ಯಾರು ಕೊಡುತ್ತಾರೆಂಬ ಬರಹ ಕೇಳಿ. ಮಾರಾಟದ ಸುದ್ದಿ ತಿಳಿಯದೆ ಹಳಬರಿಗೇ ಕೊಟ್ಟ ಬಾಡಿಗೆಗೆ ಕಾಯ್ದೆಯ ರಕ್ಷಣೆ ಇದೆ.

ಉತ್ತರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. 2025ರಲ್ಲಿ ರಿಜಿಸ್ಟರ್ಡ್ ಅಂಚೆ ಅದರಲ್ಲೇ ವಿಲೀನವಾಯಿತು. ತಲುಪಿಸಿದ ವಿವರವನ್ನು ಆನ್‌ಲೈನಿನಲ್ಲಿ ನೋಡಿ ಆಗಲೇ ಮುದ್ರಿಸಿಟ್ಟುಕೊಳ್ಳಿ.

ಬಾಗಿಲಿಗೆ ಬೇರೆ ಕೀಲಿ ಬಿದ್ದರೆ

ಊರಿಗೆ ಹೋಗಿ ಬಂದಾಗ ಬಾಗಿಲಿಗೆ ಹೊಸ ಕೀಲಿ, ಅಥವಾ ಸಾಮಾನು ಕಟ್ಟೆಯ ಮೇಲೆ. ನೆಲೆಯಾಗಿ ಸ್ವಾಧೀನದಲ್ಲಿರುವವರನ್ನು ಕಾನೂನಿನ ದಾರಿ ಬಿಟ್ಟು ಹೊರಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಸ್ಪಷ್ಟಪಡಿಸಿದೆ. ಆದರೆ ಆ ತೀರ್ಪು ನಿಮ್ಮ ಬಾಗಿಲು ತೆರೆಯುವುದಿಲ್ಲ. ನೀವು ಮಾಡಬೇಕಾದ ಕೆಲಸಗಳಿವೆ, ಇದೇ ಕ್ರಮದಲ್ಲಿ:

1. ಕೀಲಿ ನೀವೇ ಒಡೆಯಬೇಡಿ, ಎದುರು ದೂರಿಗೆ ಅದೊಂದೇ ಸಾಕು. ಬಾಗಿಲು, ಕೀಲಿ, ಹೊರಗಿಟ್ಟ ಸಾಮಾನು, ಮೀಟರು ಎಲ್ಲ ಕಾಣುವಂತೆ ವಿಡಿಯೋ ಮಾಡಿ. ದಿನಾಂಕ, ಸಮಯ ಬಾಯಲ್ಲಿ ಹೇಳಿ.

2. 112ಕ್ಕೆ ಕರೆ ಮಾಡಿ. ಕರೆಯ ದಾಖಲೆಯೇ ಮುಂದೆ ಸಾಕ್ಷಿ.

3. ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. "ಇದು ಸಿವಿಲ್ ಮ್ಯಾಟರ್ ರೀ, ಕೋರ್ಟಿಗೆ ಹೋಗ್ರಿ" ಎಂಬ ಮಾತು ಬಂದೇ ಬರುತ್ತದೆ. ಬಾಡಿಗೆ ತಕರಾರು ಸಿವಿಲ್ ಹೌದು. ಆದರೆ ಮನೆಗೆ ಅತಿಕ್ರಮ ಪ್ರವೇಶ (ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ), ದಾರಿ ಅಡ್ಡಗಟ್ಟುವುದು (126), ಬೆದರಿಕೆ (351) ಸಿವಿಲ್ ಅಲ್ಲ. ದೂರಿನಲ್ಲಿ ಬಾಡಿಗೆಯ ಇತಿಹಾಸ ಎಳೆಯದೆ, ಯಾರು ಯಾವಾಗ ಒಳನುಗ್ಗಿದರು, ಏನು ತೆಗೆದರು, ಏನು ಅಂದರು ಎಂಬುದನ್ನಷ್ಟೇ ಬರೆಯಿರಿ. ಠಾಣೆಯಲ್ಲಿ ದಾಖಲಿಸದಿದ್ದರೆ ಮೇಲಧಿಕಾರಿಗೆ ಅಂಚೆಯಲ್ಲಿ ಕಳಿಸಿ: ಬೆಳಗಾವಿ ನಗರದಲ್ಲಿ ಪೊಲೀಸ್ ಆಯುಕ್ತರಿದ್ದಾರೆ, ಬಾಗಲಕೋಟೆ ಮತ್ತು ವಿಜಯಪುರದಲ್ಲಿ ಎಸ್ಪಿ.

4. ಒಳಗಿರುವ ಸಾಮಾನಿನ ಪಟ್ಟಿ ಮಾಡಿ ಇಬ್ಬರು ನೆರೆಯವರ ಸಹಿ ಹಾಕಿಸಿ. ಶಾಲೆ ದಾಖಲೆ, ಔಷಧಿ, ಬಂಗಾರ ಇದ್ದರೆ ಮೊದಲು ಅದನ್ನೇ ಬರೆಯಿರಿ.

5. ಸಿವಿಲ್ ಕೋರ್ಟು. ಇನ್ನೂ ಹೊರಹಾಕಿಲ್ಲ, ಬರೀ ಬೆದರಿಕೆ ಎಂದಾದರೆ ತಡೆಯಾಜ್ಞೆ ದಾವೆ, ಜೊತೆಗೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 39ನೇ ಆದೇಶದ ತಾತ್ಕಾಲಿಕ ತಡೆಯಾಜ್ಞೆ ಅರ್ಜಿ. ಹೊರಹಾಕಿಯಾಗಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನ ದಾವೆ. ಇಲ್ಲಿ ಮನೆ ಯಾರದೆಂಬ ಪ್ರಶ್ನೆಯೇ ಏಳುವುದಿಲ್ಲ. ನೀವು ಸ್ವಾಧೀನದಲ್ಲಿದ್ದಿರಿ, ಒಪ್ಪಿಗೆಯಿಲ್ಲದೆ, ಕಾನೂನಿನ ದಾರಿ ಬಿಟ್ಟು ಹೊರಹಾಕಿದರು, ಇಷ್ಟು ತೋರಿಸಿದರೆ ಸಾಕು. ಗಡುವು ಹೊರಹಾಕಿದ ದಿನದಿಂದ ಆರು ತಿಂಗಳು. ಹಿರಿಯರನ್ನು ಕೂಡಿಸಿ ಮಾತಾಡೋಣ ಎನ್ನುತ್ತ ಏಳನೇ ತಿಂಗಳಿಗೆ ಕಾಲಿಟ್ಟರೆ ಈ ಬಾಗಿಲೂ ಮುಚ್ಚುತ್ತದೆ.

ತಡೆಯಾಜ್ಞೆ ಸಿಕ್ಕರೆ ಅದರ ಅರ್ಥ ತಿಳಿದಿರಲಿ. ಕಾನೂನು ಬಿಟ್ಟು ಎಬ್ಬಿಸಬೇಡಿ ಎಂದಷ್ಟೇ ಅದು ಹೇಳುತ್ತದೆ, ಮಾಲಕರು ತೆರವಿಗೆ ದಾವೆ ಹಾಕುವುದನ್ನು ಅದು ತಡೆಯದು. ಮಾಲಕರು ಕೇವಿಯಟ್ (ನಮಗೆ ತಿಳಿಸದೆ ಆದೇಶ ಕೊಡಬೇಡಿ ಎಂದು ಕೋರ್ಟಿಗೆ ಮೊದಲೇ ಕೊಡುವ ಅರ್ಜಿ) ಹಾಕಿಟ್ಟಿದ್ದರೆ 90 ದಿನದ ತನಕ ಅವರಿಗೆ ತಿಳಿಸದೆ ನಿಮಗೆ ಏಕಪಕ್ಷೀಯ ಆದೇಶ ಸಿಗದು. ಕೇವಿಯಟ್‌ನ ಪ್ರತಿ ಅಂಚೆಯಲ್ಲಿ ಬಂದಾಗ ಬಿಸಾಡದೆ ವಕೀಲರಿಗೆ ಕೊಡಿ.

ಕರೆಂಟಿನ ವಿಷಯ ಬೇರೆಯೇ. ಮೀಟರು ಮಾಲಕರ ಹೆಸರಲ್ಲಿರುತ್ತದೆ, ಅವರು ಸಂಪರ್ಕ ತೆಗೆಸಲು ಹೆಸ್ಕಾಂಗೆ ಅರ್ಜಿ ಕೊಡಬಹುದೆಂಬ ಅನುಮಾನ ಬಂದರೆ ಮೊದಲೇ ಸೆಕ್ಷನ್ ಆಫೀಸರ್‌ಗೆ ಪತ್ರ ಕೊಡಿ: ಆರ್‌ಆರ್ ನಂಬರು, ಕರಾರಿನ ಪ್ರತಿ, ಬಿಲ್ಲು ಕಟ್ಟಿದ ರಸೀತಿ, ಗೃಹಜ್ಯೋತಿಗೆ ನಿಮ್ಮ ಆಧಾರ್ ಜೋಡಿಸಿದ್ದರೆ ಅದರ ಸ್ವೀಕೃತಿ. ಸಂಪರ್ಕ ಹೋದರೆ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಮಾಲಕರ ಒಪ್ಪಿಗೆ ಪತ್ರವಿಲ್ಲ ಎಂಬ ಕಾರಣಕ್ಕೆ ಬಾಡಿಗೆದಾರನಿಗೆ ವಿದ್ಯುತ್ ನಿರಾಕರಿಸುವಂತಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ತೀರ್ಪಿನ ಪ್ರತಿಯನ್ನು ಪತ್ರಕ್ಕೆ ಲಗತ್ತಿಸಿದರೆ ಮಾತು ಚಿಕ್ಕದಾಗುತ್ತದೆ.

ದಾವೆ ಬಿದ್ದರೆ

ಆಸ್ತಿ ಎಲ್ಲಿದೆಯೋ ಅಲ್ಲಿನ ಕೋರ್ಟಿನಲ್ಲೇ ದಾವೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಮಾಲಕರು "ತಕರಾರು ನಮ್ಮೂರ ಕೋರ್ಟಿನಲ್ಲೇ" ಎಂದು ಕರಾರಿನಲ್ಲಿ ಬರೆಸಿದ್ದರೂ ನಡೆಯದು. ಸಮನ್ಸ್ ಬಂದ 30 ದಿನದೊಳಗೆ ಲಿಖಿತ ಹೇಳಿಕೆ, ಕೋರ್ಟು ಕಾರಣ ಒಪ್ಪಿದರೆ 90 ದಿನದ ತನಕ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಹೈಕೋರ್ಟಿನ ಹಂತ ಬಂದರೆ ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ.

ಸ್ಪಷ್ಟವಾಗಿ ಹೇಳಬೇಕೆಂದರೆ, ಅವಧಿ ಮುಗಿದು ಸರಿಯಾದ ನೋಟಿಸು ಆಗಿದ್ದರೆ ದಾವೆಯನ್ನು ಎಳೆದು ಗೆದ್ದವರು ಕಡಿಮೆ. ಎಳೆದಷ್ಟೂ ಅನಧಿಕೃತ ವಾಸದ ಅವಧಿಗೆ ಮಾರುಕಟ್ಟೆ ದರದಲ್ಲಿ ನಷ್ಟ ಪರಿಹಾರ ಬೀಳುತ್ತದೆ. 9,000ದ ಮನೆಗೆ ಈಗಿನ ದರ 14,000 ಎಂದು ಸಾಬೀತಾದರೆ ತಿಂಗಳಿಗೆ 5,000ದಂತೆ ವ್ಯತ್ಯಾಸ ಕೂಡುತ್ತ ಹೋಗುತ್ತದೆ. ಮಕ್ಕಳ ಪರೀಕ್ಷೆ ಮುಗಿಯುವ ತನಕ ಎಂದೋ, ಆರು ತಿಂಗಳೆಂದೋ ಸಮಯ ಕೇಳಿ, ಮುಚ್ಚಳಿಕೆ ಬರೆದುಕೊಟ್ಟು, ಡಿಪಾಜಿಟ್ ಮರಳಿಸುವ ದಿನವನ್ನೂ ಅದರಲ್ಲೇ ಸೇರಿಸಿ ರಾಜಿ ಮಾಡಿಕೊಳ್ಳುವುದು ಸಾಮಾನ್ಯವಾಗಿ ಲಾಭ. ಲೋಕ ಅದಾಲತ್ತಿನಲ್ಲಿ ಆದ ರಾಜಿಗೆ ಡಿಕ್ರಿಯ (ಕೋರ್ಟಿನ ತೀರ್ಪಿನ ಆದೇಶದ) ಬಲವಿದೆ, ಅದರ ಮೇಲೆ ಮೇಲ್ಮನವಿ ಇಲ್ಲ.

ಡಿಕ್ರಿಯಾದರೂ ಮಾಲಕರು ತಾವೇ ಬಂದು ಎಬ್ಬಿಸುವಂತಿಲ್ಲ. ವಾರಂಟು ಹಿಡಿದು ಬರುವವರು ಕೋರ್ಟಿನ ಬೇಲೀಫ.

ಮತ್ತು ಆ ಹನ್ನೆರಡು ವರ್ಷದ ಮಾತು: ಒಪ್ಪಿಗೆಯಿಂದ ಬಾಡಿಗೆಗೆ ಕೂತವರು ಹನ್ನೆರಡಲ್ಲ, ಮೂವತ್ತು ವರ್ಷ ಬಾಡಿಗೆ ಕೊಟ್ಟುಕೊಂಡು ಇದ್ದರೂ ಮನೆ ತಮ್ಮದಾಗುವುದಿಲ್ಲ.

ಭೋಗ್ಯದ ಮನೆ

ಇಡುಗಂಟು ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇರುವ ಭೋಗ್ಯದಲ್ಲಿ ಅವಧಿ ಮುಗಿದ ದಿನ ಪ್ರಶ್ನೆ ತಿರುಗುಮುರುಗು. ಇಲ್ಲಿ ಹೋಗಲು ನೀವು ತಯಾರು, ಹಣ ಕೊಡಲು ಅವರು ತಯಾರಿಲ್ಲ. ಪತ್ರ ಸ್ವಾಧೀನ ಅಡಮಾನವಾಗಿ ನೋಂದಣಿಯಾಗಿದ್ದರೆ ಹಣ ಬರುವ ತನಕ ಸ್ವಾಧೀನ ಬಿಡಬೇಕಿಲ್ಲ. ಬರೀ ಬಾಂಡ್ ಪೇಪರಿನ ಕರಾರಾಗಿದ್ದರೆ ಆ ಹಕ್ಕು ದುರ್ಬಲ, ಹಣ ವಸೂಲಿಯ ದಾವೆಯೇ ಮುಖ್ಯ ದಾರಿ. ಅದಕ್ಕೆ ಮೂರು ವರ್ಷದ ಗಡುವು. ಯಾವುದೇ ಇರಲಿ, ಹಣ ಖಾತೆಗೆ ಬಂದ ಗಳಿಗೆಯಲ್ಲೇ ಕೀಲಿ ಕೊಡಿ. ಮುಂದಿನ ವಾರದ ಚೆಕ್ಕು ಹಿಡಿದು ಮನೆ ಬಿಡಬೇಡಿ.

ಅವಧಿ ಮುಗಿಯುವ ಎರಡು ತಿಂಗಳ ಮೊದಲು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮನೆಯ ಋಣಭಾರ ಪತ್ರ (ಇಸಿ) ತೆಗೆಸಿ ನೋಡಿ. ನಡುವೆ ಬ್ಯಾಂಕಿಗೆ ಅಡವಿಟ್ಟಿದ್ದು ಕಂಡರೆ ಅಥವಾ ಗೋಡೆಗೆ ಬ್ಯಾಂಕಿನ ಸರ್ಫೇಸಿ ನೋಟಿಸು (ಬಾಕಿ ಸಾಲಕ್ಕೆ ಅಡವಿಟ್ಟ ಆಸ್ತಿ ವಶಪಡಿಸಿಕೊಳ್ಳುವ ನೋಟಿಸು) ಬಿದ್ದರೆ ಕಾಯಬೇಡಿ. ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು 45 ದಿನವಷ್ಟೇ. ಅವಧಿ ಮುಗಿದ ನೋಂದಣಿಯಿಲ್ಲದ ಕರಾರಿಗೆ ಅಲ್ಲಿ ಸಿಗುವ ರಕ್ಷಣೆಯೂ ತೀರಾ ಕಡಿಮೆ.

ಮಾಲಕರು ಖಾಸಗಿಯವರಲ್ಲದಿದ್ದರೆ

ಪಾಲಿಕೆ, ಪುರಸಭೆಯ ಮಳಿಗೆಗಳಿಗೆ 1974ರ ಕರ್ನಾಟಕ ಸಾರ್ವಜನಿಕ ಆವರಣಗಳ ತೆರವು ಕಾಯ್ದೆಯಿದೆ. ಅಲ್ಲಿ ಕಾರಣ ಕೇಳುವ ನೋಟಿಸಿಗೆ ಗಡುವಿನೊಳಗೆ ಲಿಖಿತ ಉತ್ತರ ಕೊಡುವುದೇ ನಿಮ್ಮ ಮುಖ್ಯ ಅವಕಾಶ. ವಕ್ಫ್ ಆಸ್ತಿಯಲ್ಲಿದ್ದರೆ, ಮತ್ತು ವಿಜಯಪುರದಲ್ಲಿ ಅಂಥ ಅಂಗಡಿಗಳು ಬಹಳ, ಇನ್ನೂ ಎಚ್ಚರ. ಗುತ್ತಿಗೆ ಮುಗಿದವರನ್ನೂ ಅತಿಕ್ರಮಣಕಾರರ ವ್ಯಾಖ್ಯೆಯೊಳಗೆ 2013ರ ತಿದ್ದುಪಡಿ ತಂದಿದೆ. ಇಲ್ಲಿ ನವೀಕರಣದ ಅರ್ಜಿ ಅವಧಿ ಇರುವಾಗಲೇ ಒಳಗೆ ಬಿದ್ದಿರಬೇಕು.

ಮನೆ ಬಿಡುವ ದಿನ ಮತ್ತು ಡಿಪಾಜಿಟ್

ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಡಿಪಾಜಿಟ್‌ನಲ್ಲಿ ಮುರಿದುಕೊಳ್ಳಿ ಎಂದು ನೀವೇ ನಿರ್ಧರಿಸಬೇಡಿ. ಮಾಲಕರು ಬರಹದಲ್ಲಿ ಒಪ್ಪಿದರೆ ಸರಿ. ಹಣ ಬರುವುದಿಲ್ಲವೆಂಬ ಅನುಮಾನ ಬಲವಾಗಿದ್ದರೆ ಈ ಒಪ್ಪಿಗೆಯನ್ನೇ ಮೊದಲು ಕೇಳಿ ಪಡೆಯುವುದು ಜಾಣತನ.

ಹೊರಡುವ ದಿನ ಮಾಲಕರನ್ನು ಕರೆದು ಕೋಣೆ ಕೋಣೆ ತಿರುಗಿ. ಗೋಡೆ, ನಲ್ಲಿ, ಸ್ವಿಚ್ಚು, ಕಿಟಕಿ ಗಾಜು, ಕೊನೆಗೆ ಮೀಟರಿನ ಅಂಕಿ, ಎಲ್ಲದರ ಫೋಟೋ. ನೀವು ಹಾಕಿಸಿದ ಫ್ಯಾನು, ಗೀಸರು, ರ‍್ಯಾಕು ಬಿಚ್ಚಿಕೊಳ್ಳುವ ಹಕ್ಕು 108ನೇ ಕಲಮಿನಲ್ಲಿದೆ, ಆದರೆ ಸ್ವಾಧೀನ ಬಿಡುವ ಮುಂಚೆ ಮಾತ್ರ. ಕೀಲಿ ಕೊಟ್ಟ ಮೇಲೆ ನೆನಪಾದ ಗೀಸರು ಅಲ್ಲೇ ಉಳಿದಂತೆ. ಬಿಚ್ಚಿದ ಜಾಗದ ತೂತು ಮುಚ್ಚಿಸಿ. ಬಳಕೆಯಿಂದ ಸಹಜವಾಗಿ ಆದ ಸವೆತಕ್ಕೆ ನೀವು ಹೊಣೆಯಲ್ಲ: ಬಣ್ಣ ಮಾಸಿದ್ದು ಸವೆತ, ಬೇಸಿನ್ ಒಡೆದದ್ದು ನಷ್ಟ. ಬಣ್ಣದ ಖರ್ಚು ಬಾಡಿಗೆದಾರನದೇ ಎಂದು ಕರಾರಿನಲ್ಲಿದ್ದರೆ ಮಾತ್ರ ಕೊಡಬೇಕು.

ಲೆಕ್ಕವನ್ನು ಒಂದು ಹಾಳೆಯ ಮೇಲೆ ಅಲ್ಲೇ ಬರೆಯಿರಿ. ನಮ್ಮ ಉದಾಹರಣೆಯಲ್ಲಿ: ಡಿಪಾಜಿಟ್ 50,000. ಕಳೆಯುವುದು ಮಾಲಕರು ಬರಹದಲ್ಲಿ ಒಪ್ಪಿದಂತೆ ಆಗಸ್ಟ್ ಬಾಡಿಗೆ 9,000, ಹೆಸ್ಕಾಂ ಬಿಲ್ಲು 640, ನೀರು 300, ಬೇಸಿನ್ 1,200. ಒಟ್ಟು 11,140. ಬರಬೇಕಾದ್ದು 38,860. ಇಬ್ಬರ ಸಹಿ, ತಾರೀಖು, ಎಷ್ಟು ಕೀಲಿ ಕೊಟ್ಟಿರೆಂಬ ಸಂಖ್ಯೆ. "ಹೊಸ ಬಾಡಿಗಿಯವರು ಬಂದ ಮ್ಯಾಲೆ ಕೊಡ್ತೇನ್ರಿ" ಎಂದರೆ ಆ ಮಾತನ್ನೂ ದಿನಾಂಕದ ಸಮೇತ ಅದೇ ಹಾಳೆಯಲ್ಲಿ ಬರೆಸಿ. ಗಡುವು ದಾಟಿದರೆ ಬಡ್ಡಿ ಸಮೇತ ಕೇಳಿ ವಕೀಲರ ನೋಟಿಸು, ಆಮೇಲೆ ವಸೂಲಿ ದಾವೆ ಅಥವಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆ ಪೂರ್ವ ರಾಜಿಗೆ ಅರ್ಜಿ. ಸಣ್ಣ ಮೊತ್ತಕ್ಕೆ ಈ ಕೊನೆಯದೇ ಅಗ್ಗ.

ಮಾಲಕರು ಕೀಲಿ ತೆಗೆದುಕೊಳ್ಳಲು ಬಾರದೆ ಬಾಡಿಗೆ ಬೆಳೆಯಲಿ ಎಂದು ಕಾಯುತ್ತಿದ್ದರೆ, ಇಂಥ ದಿನ ಇಂಥ ಸಮಯಕ್ಕೆ ಮನೆ ಖಾಲಿಯಾಗಿದೆ, ಕೀಲಿ ಪಡೆಯಿರಿ ಎಂದು ಸಂದೇಶ ಮತ್ತು ಸ್ಪೀಡ್ ಪೋಸ್ಟ್ ಕಳಿಸಿ, ಖಾಲಿ ಮನೆಯ ವಿಡಿಯೋ ಇಟ್ಟುಕೊಳ್ಳಿ.

ಹೊರಟ ಮೇಲೆ ಸೇವಾ ಸಿಂಧುವಿನಲ್ಲಿ ಹಳೆಯ ಆರ್‌ಆರ್ ನಂಬರಿನಿಂದ ನಿಮ್ಮ ಆಧಾರ್ ಬಿಡಿಸಿಕೊಳ್ಳಿ. ಬಿಡಿಸದಿದ್ದರೆ ಹೊಸ ಮನೆಗೆ ಗೃಹಜ್ಯೋತಿ ಹತ್ತುವುದಿಲ್ಲ. ಗ್ಯಾಸು ಮತ್ತು ಬ್ಯಾಂಕಿನ ವಿಳಾಸ ಬದಲಿಸಿ. ಅಂಗಡಿಯಾಗಿದ್ದರೆ ಜಿಎಸ್‌ಟಿ ನೋಂದಣಿಯ ವಿಳಾಸ ಬದಲಿಸಲು ಹದಿನೈದು ದಿನದ ಗಡುವಿದೆ.